ತೊಗಲಿಲ್ಲದ ಪಂಪು

೧೯೫೦ರ ಜೂನ್ ತಿಂಗಳಲ್ಲಿ ನಾನು ಬಳ್ಳಾರಿಯ ಹೈಸ್ಕೂಲೊಂದರ ಫೋರ್ತ್ ಫಾರಂ ಸೇರಿ, ಅಲ್ಲಿ ಹೊಸದಾಗಿ ಶುರುವಾಗಿದ್ದ ಎಂಜಿನಿಯರಿಂಗ್ ವಿಭಾಗವನ್ನು ತೆಗೆದುಕೊಂಡೆ. ಬಳ್ಳಾರಿ ಆಗ ಮದ್ರಾಸಿಗೆ ಸೇರಿತ್ತು. ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟು ಏಳುತ್ತಿತ್ತು. ಕಬ್ಬಿಣ, ಸಿಮೆಂಟು ಬಲ್ಲ ಹುಡುಗರಿಗೆ ಅಲ್ಲಿ ಕೆಲಸವಿದೆ ಎಂದು ಯಾರೋ ಹೇಳಿದ್ದನ್ನು ಕೇಳಿ ಅಪ್ಪ ನನ್ನನ್ನು ಆ ವಿಭಾಗಕ್ಕೆ ಹಾಕಿದ. ಅರದಿಂದ ಉಜ್ಜಿದ ಕಬ್ಬಿಣಕ್ಕೆ ಒಂದು ವಾಸನೆ ಇದೆ. ರಕ್ತದ ವಾಸನೆಗೆ ಹತ್ತಿರದ್ದು, ಆದರೆ ಒಣಗಿದ್ದು. ಸೀಗೆಪುಡಿ ಹಾಕಿ ತಿಕ್ಕಿದರೂ ಅದು ಬೆರಳ ಸಂದಿಯಲ್ಲಿ ರಾತ್ರಿ ಊಟದವರೆಗೆ ಉಳಿಯುತ್ತಿತ್ತು. ಈಗಲೂ ಬೀಗದ ಕೈ ಮಾಡುವವರ ಅಂಗಡಿಯ ಮುಂದೆ ಹಾದುಹೋಗುವಾಗ ಆ ವಾಸನೆ ಮೂಗಿಗೆ ಬಡಿದರೆ, ನನ್ನ ಕಣ್ಣ ಮುಂದೆ ಬರುವುದು ಶಾಲೆಯ ವರ್ಕ್‌ಶಾಪ್ ಅಲ್ಲ. ಕಂಟೋನ್ಮೆಂಟಿನ ಅಂಚಿನಲ್ಲಿದ್ದ ಒಂದು ಬಾಡಿಗೆ ಮನೆಯ ಅಡುಗೆಕೋಣೆ, ಮತ್ತು ನನ್ನ ಕೈಯನ್ನು ಎಳೆದುಕೊಂಡು ಮೂಸಿ ನೋಡುತ್ತಿದ್ದ ದೊಡ್ಡವ್ವ. "ಇವತ್ತು ಕಬ್ಬಿಣೇನು? ನಿನ್ನೆ ಕಟಿಗಿ ವಾಸನಿ ಇತ್ತಲ್ಲ," ಎಂದು ಕೇಳಿ, ಉತ್ತರ ಬರುವ ಮೊದಲೇ ರೊಟ್ಟಿ ಬಡಿಯಲು ತಿರುಗುತ್ತಿದ್ದಳು.

ದೊಡ್ಡವ್ವ ಎಂದರೆ ಅಪ್ಪನ ಅಣ್ಣನ ಹೆಂಡತಿ, ಗೌರಮ್ಮ. ದೊಡ್ಡಪ್ಪ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಕುರುಗೋಡಿನ ನಮ್ಮ ದೊಡ್ಡ ಮನೆಯಲ್ಲಿ ಅವಳಿಗೆ ಮಲಗಲು ಒಂದು ಮೂಲೆ, ಹಿಡಿಯಲು ಒಂದು ಕೆಲಸ ಇದ್ದವು, ಅಡುಗೆಮನೆ ಅವ್ವನದು. ಊರಿನಿಂದ ಹುಡುಗರನ್ನು ಓದಲು ಬಳ್ಳಾರಿಗೆ ಕಳಿಸುವಾಗ ಜೊತೆಗೆ ಮನೆಯ ಒಬ್ಬ ಹೆಂಗಸನ್ನೂ ಕಳಿಸಿ, ಬಾಡಿಗೆ ಮನೆಯಲ್ಲಿ ಒಲೆ ಹೂಡಿಸುವುದು ಆಗ ನಮ್ಮ ಕಡೆ ರೂಢಿಯಾಗಿತ್ತು. ಹಾಗೆ ನಾನು, ನನ್ನ ತಮ್ಮ ಬಸವ ಮತ್ತು ದೊಡ್ಡವ್ವ ಆ ಮನೆಗೆ ಬಂದೆವು. ಅಂಥ ಮನೆಯಲ್ಲಿ ಬೆಳೆದವರು ನಿಮ್ಮಲ್ಲಿದ್ದರೆ ಅದರ ರೀತಿ ನಿಮಗೆ ಗೊತ್ತಿರುತ್ತದೆ: ಊರಿಂದ ಬರುವ ಜೋಳದ ಚೀಲ, ಎರಡು ಚಾಪೆ, ಗೋಡೆಗೆ ಹೊಡೆದ ಮೊಳೆಗಳಲ್ಲಿ ತೂಗುವ ಅಂಗಿಗಳು, ನಡುವೆ ಒಂದು ಲಾಟೀನು. ನಮಗೆ ಅದು ಬಿಡಾರ. ದೊಡ್ಡವ್ವ ಮಾತ್ರ ಬಂದ ದಿನವೇ ಒಲೆಯನ್ನು ಕಿತ್ತು, ತನ್ನ ಎತ್ತರಕ್ಕೆ ಸರಿಯಾಗಿ ಮತ್ತೆ ಕಟ್ಟಿದಳು. ಮಣ್ಣು ಹಸಿಯಿದ್ದ ಕಾರಣ ಆ ರಾತ್ರಿ ನಾವು ಚುರುಮುರಿ ತಿಂದು ಮಲಗಿದೆವು.

ವರ್ಕ್‌ಶಾಪ್ ಎಂದರೆ ತಗಡಿನ ಮಾಡಿನ ಒಂದು ಉದ್ದ ಕೊಟ್ಟಿಗೆ. ಬೇಸಿಗೆಯಲ್ಲಿ ಅದರೊಳಗೆ ಸುತ್ತಿಗೆಯ ಕಾವು ಬೆಂಕಿಯದೋ ಬಿಸಿಲಿನದೋ ತಿಳಿಯುತ್ತಿರಲಿಲ್ಲ. ಕಲಿಸುತ್ತಿದ್ದ ನಾಯ್ಡು ಮೇಷ್ಟ್ರು ಹಿಂದೆ ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದವರು. ಮನೆಮಾತು ತೆಲುಗು. ಹುಡುಗರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಊರು ಹಿಡಿದು ಕರೆಯುತ್ತಿದ್ದರು. ನಾನು ಕುರುಗೋಡು. ನನ್ನ ಬೆಂಚಿನ ಆಚೆ ತುದಿಯವನು ಸಿರುಗುಪ್ಪ, ಹಿಂದಿನವನು ಮೋಕ. "ಏಮಿರಾ ಕುರುಗೋಡು, ಅರ ಹಿಡಿಯೋದು ಹಿಂಗೇನು? ಮುದ್ದಿ ತಿರುವಾಕ ಹೋಗೀಯೇನು?" ಎಂದು ಅವರು ಕೂಗಿದರೆ ಕೊಟ್ಟಿಗೆ ತುಂಬ ನಗು. ಮೊದಲ ವರ್ಷ ಮರದ ಕೆಲಸ: ಎರಡು ತುಂಡುಗಳನ್ನು ಒಂದರೊಳಗೊಂದು ಕಚ್ಚಿಸುವ ಬಗೆಬಗೆಯ ಕೀಲುಗಳು, ಕೊನೆಗೆ ಒಂದು ಮಣೆ. ಎರಡನೆಯ ವರ್ಷ ತಗಡು ಮತ್ತು ಕುಲುಮೆ: ಎಣ್ಣೆ ಹುಯ್ಯುವ ಆಲಿಕೆ, ನೀರಿನ ಚೊಂಬು, ಕೊಕ್ಕೆ, ಉಳಿ. ಅಂಕ ಹಾಕಿದ ಮೇಲೆ ಸಾಮಾನು ನಮ್ಮದೇ. ಅವನ್ನೆಲ್ಲ ಮನೆಗೆ ತಂದಾಗ ದೊಡ್ಡವ್ವನ ಕೈಯಲ್ಲಿ ಇನ್ನೊಂದು ಪರೀಕ್ಷೆ. ಮಣೆಯನ್ನು ಬಂಡೆಯ ನೆಲದ ಮೇಲಿಟ್ಟು, ಒಂದೊಂದು ಮೂಲೆಯನ್ನೂ ಬೆರಳಿನಿಂದ ಒತ್ತಿ, "ಇದು ಕುಂಟತೈತಿ," ಎಂದಳು. ಚೊಂಬಿಗೆ ನೀರು ತುಂಬಿ ರಾತ್ರಿಯಿಡೀ ಬೂದಿಯ ಮೇಲಿಟ್ಟು, ಬೆಳಿಗ್ಗೆ ಬೂದಿಯನ್ನು ನೋಡಿದಳು. ಒಂದು ಕಡೆ ಬೂದಿ ಒದ್ದೆಯಾಗಿತ್ತು. ಬೈಯಲಿಲ್ಲ, ಬೆಸುಗೆ ಹೇಗೆ ಹಾಕುತ್ತಾರೆ, ತವರ ಕರಗಲು ಎಷ್ಟು ಕಾವು ಬೇಕು, ಅದು ತಗಡಿಗೆ ಯಾಕೆ ಅಂಟುತ್ತದೆ, ಮಣ್ಣಿಗೆ ಯಾಕೆ ಅಂಟುವುದಿಲ್ಲ ಎಂದು ಕೇಳುತ್ತ ಹೋದಳು. ಅರ್ಧಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಮೇಷ್ಟ್ರನ್ನು ಕೇಳಿ ಬಂದು ಹೇಳಿದೆ. ಹಾಗೆ ಕೆಲವು ಪಾಠಗಳನ್ನು ನಾನು ಕಲಿತದ್ದು ಅವಳ ಪ್ರಶ್ನೆಗಳಿಂದ.

ಐದನೇ ಫಾರಂ ಮುಗಿಯುವ ಹೊತ್ತಿಗೆ ದೊಡ್ಡವ್ವ ಬಾವಿಯ ಕಟ್ಟೆಯ ಬಳಿ ಜಾರಿ ಬಿದ್ದಳು. ಬಲಗಡೆಯ ಹೆಗಲು ಸರಿಯಿತು. ಎಲುಬು ಕಟ್ಟುವವರು ಬಿದಿರು ದಬ್ಬೆ ಇಟ್ಟು ಕಟ್ಟಿದರು. ನೋವು ಹೋಯಿತು, ಆದರೆ ಆ ಕೈ ಎದೆಮಟ್ಟಕ್ಕಿಂತ ಮೇಲೆ ಏಳಲಿಲ್ಲ. ಗಡಗಡಿಯ ಹಗ್ಗವನ್ನು ಕೈ ಬದಲಿಸಿ ಎಳೆಯುವುದು ಅವಳಿಂದ ಆಗದಾಯಿತು. ಮನೆಬಳಕೆಯ ನೀರನ್ನು ನಾನು, ಬಸವ ಸೇದಿದೆವು. ತೊಡಕು ಇದ್ದದ್ದು ಪೂಜೆಯ ನೀರಿನಲ್ಲಿ. ದೊಡ್ಡವ್ವನದು ಕಟ್ಟುನಿಟ್ಟಿನ ನೇಮ: ಲಿಂಗಪೂಜೆಗೂ ತಾನು ಕುಡಿಯುವುದಕ್ಕೂ ಬೇಕಾದ ನೀರನ್ನು ಮಿಂದು, ತಾನೇ ಸೇದಿ, ಬಟ್ಟೆಯಲ್ಲಿ ಸೋಸಿಕೊಳ್ಳಬೇಕು, ತೊಗಲು ಮುಟ್ಟಿದ ನೀರಾಗಬಾರದು. ಎಡಗೈಯಲ್ಲಿ ಹಗ್ಗವನ್ನು ಎಳೆದು, ಹಲ್ಲಿನಿಂದ ಕಚ್ಚಿ ಹಿಡಿದು, ಮತ್ತೆ ಎಳೆದು ಒಂದು ಸಣ್ಣ ತಂಬಿಗೆ ನೀರು ಮೇಲೆ ತರುವುದನ್ನು ಬಸವ ನೋಡಿದ. ಊರಿನಿಂದ ಬಂದ ಅಪ್ಪನಿಗೆ ಅವನೇ ಹೇಳಿದ. ಅಪ್ಪ, "ಅತ್ತಿಗಿ, ಬಾವಿಗೆ ಬಿದ್ದುಗಿದ್ದಿ. ಈ ಮನಿ ತೆರವು ಮಾಡೂನು. ಊರಿಗೆ ನಡಿ, ಅಲ್ಲಿ ಮಂದಿ ಅದಾರ," ಎಂದ. ಹುಡುಗರ ಗತಿ ಏನೆಂದು ಅವಳು ಕೇಳಿದಳು. ದೊಡ್ಡವನ ಓದು ಇನ್ನೊಂದು ವರ್ಷ, ಯಾರ ಮನೆಯಲ್ಲಾದರೂ ಊಟಕ್ಕೆ ಇಡೋಣ, ಸಣ್ಣವನು ಊರಲ್ಲಿರಲಿ ಎಂದ ಅಪ್ಪ. ಅವನು ಹೋದ ಮೇಲೆ ದೊಡ್ಡವ್ವ ಒಲೆಯ ಅಂಚನ್ನು ಸಗಣಿಯಿಂದ ಸಾರಿಸುತ್ತ, ನನ್ನ ಕಡೆ ನೋಡದೆ ಕೇಳಿದಳು: "ನಿಮ್ಮ ಸಾಲ್ಯಾಗ ಇಷ್ಟೆಲ್ಲಾ ಕಲಿಸ್ತಾರಲ್ಲ, ಕೈ ಮ್ಯಾಲೆತ್ತದಂಗ ನೀರು ತೆಗಿಯೂದು ಕಲಿಸಂಗಿಲ್ಲೇನು?"

ಆರನೇ ಫಾರಂನಲ್ಲಿ ಪ್ರತಿಯೊಬ್ಬನೂ ತಾನೇ ಆರಿಸಿದ ಒಂದು ಸಾಮಾನನ್ನು ವರ್ಷ ಪೂರ್ತಿ ಮಾಡಬೇಕಿತ್ತು. ಸಿರುಗುಪ್ಪದವನು ಭತ್ತ ತೂರುವ ಫ್ಯಾನು ಎಂದ. ನಾನು ಕೈಪಂಪು ಎಂದೆ. ಹಿಡಿಯನ್ನು ಕೆಳಗೆ ಒತ್ತಿದರೆ ನೀರು ಮೇಲೆ ಬರುತ್ತದೆ; ಒತ್ತಲು ಹೆಗಲು ಏಳಬೇಕಿಲ್ಲ. ನಮ್ಮ ಬಾವಿಯ ನೀರು ಬೇಸಿಗೆಯಲ್ಲೂ ಮೂರಾಳಿಗಿಂತ ಕೆಳಗೆ ಹೋಗುತ್ತಿರಲಿಲ್ಲವಾದ್ದರಿಂದ ಆಗಬಹುದು ಎಂದರು ಮೇಷ್ಟ್ರು. ನಾನು ದೊಡ್ಡವ್ವನ ನೇಮದ ವಿಷಯ ಹೇಳಿದಾಗ ಅವರು ಕೈಯಲ್ಲಿದ್ದ ಸುಣ್ಣದಕಡ್ಡಿಯನ್ನು ಕೆಳಗಿಟ್ಟರು. "ಲೇ, ಪಂಪಿನ ಜೀವಾನೇ ತೊಗಲು. ಪಿಸ್ಟನ್ ಸುತ್ತ ತೊಗಲಿನ ಬಟ್ಲು ಇಲ್ಲಂದ್ರ ಗಾಳಿ ಸೋರತೈತಿ, ನೀರು ಏರಂಗಿಲ್ಲ." ಬೇರೆ ಏನೂ ಆಗುವುದಿಲ್ಲವೇ ಎಂದೆ. ಹಳೆಯ ಇಂಜಿನ್ನುಗಳಲ್ಲಿ ನೂಲಿನ ಹುರಿ ಸುತ್ತುತ್ತಿದ್ದರು, ಆದರೆ ಅದಕ್ಕೆ ದನದ ಕೊಬ್ಬು ಸವರುತ್ತಿದ್ದರು ಎಂದರು. ಕೊಬ್ಬಿನ ಬದಲು ಹರಳೆಣ್ಣೆ ಎಂದೆ. "ನೋಡೂನು," ಎಂದರು. ಅಂದಿನಿಂದ ತರಗತಿಯಲ್ಲಿ ನನ್ನ ಕೆಲಸಕ್ಕೆ ಲಿಂಗದ ಪಂಪು ಎಂಬ ಹೆಸರು ಬಿತ್ತು. "ಏ ಕುರುಗೋಡು, ನಿನ್ನ ಪಂಪಿಗೆ ದೀಕ್ಷಾ ಆತೇನಲೇ?" ಎಂದು ಸಿರುಗುಪ್ಪದವನು ದಿನಾ ಕೇಳುತ್ತಿದ್ದ.

ಪಿಸ್ಟನ್ನನ್ನು ಜಾಲಿಮರದಲ್ಲಿ ಕೆತ್ತಿದೆ. ಸಿಲಿಂಡರಿಗೆ ಹಳೆಯ ಹಿತ್ತಾಳೆಯ ಕೊಳವೆ ಸಿಕ್ಕಿತು. ಅದರ ಒಳಮೈ ನುಣುಪಾಗಲು ಮರದ ತುಂಡಿಗೆ ಉಸುಕುಕಾಗದ ಸುತ್ತಿ ವಾರಗಟ್ಟಲೆ ಉಜ್ಜಿದೆ. ಹುರಿ ದೊಡ್ಡವ್ವನದು. ಅರಳೆಯನ್ನು ತಾನೇ ಬಿಡಿಸಿ, ದೀಪದ ಬತ್ತಿ ಹೊಸೆಯುವಂತೆ ತೊಡೆಯ ಮೇಲೆ ಹೊಸೆದು, ಮೂರು ಎಳೆ ಹೆಣೆದು ಕೊಟ್ಟಳು. ಮೊದಲನೆಯದು ದಪ್ಪವಾಯಿತು, ಪಿಸ್ಟನ್ ಸಿಕ್ಕಿಕೊಂಡಿತು. ಎರಡನೆಯದು ತೆಳುವಾಗಿ ಸೋರಿತು. ನಾನು ಕೊಟ್ಟಿಗೆಯಿಂದ ಅಳತೆ ತರುವುದು, ಅವಳು ಹೊಸೆಯುವುದು, ಹೀಗೆ ದಸರೆ ಬಂತು. ಪಿಸ್ಟನ್ ಮೇಲಿನ ಮುಚ್ಚಳಕ್ಕೆ ಸೈಕಲ್ ಟ್ಯೂಬಿನ ರಬ್ಬರು ಕತ್ತರಿಸಿದೆ. ಅದನ್ನು ತೋರಿಸಿದಾಗ ದೊಡ್ಡವ್ವ ಎಳೆದು, ಬಿಟ್ಟು, ಮೂಸಿ, "ಇದು ಯಾವುದರ ಚರ್ಮ?" ಎಂದಳು.

"ಚರ್ಮ ಅಲ್ಲ ದೊಡ್ಡವ್ವ, ಮರದ ಹಾಲು. ಹೆಪ್ಪುಗಟ್ಟಿಸಿ ಮಾಡ್ತಾರ."

"ಎಕ್ಕದ ಗಿಡದ ಹಾಲಿನಂಗೇನು?"

"ಹಂಗ ಅನ್ನು."

"ಹಂಗ ಅನ್ನು ಅಂದ್ರ ಆಗಂಗಿಲ್ಲ. ಮಾಸ್ತರನ್ನ ಕೇಳು," ಎಂದಳು. ಕೇಳಿದೆ. ಅವರೂ ಮರದ ಹಾಲೆಂದ ಮೇಲೆ ಒಪ್ಪಿದಳು. ಕೊಳವೆಯ ತುದಿಗೆ, ಬಾವಿಯೊಳಗೆ ಮುಳುಗಿರುವ ಕಡೆ, ಒಮ್ಮೆ ಏರಿದ ನೀರು ಮತ್ತೆ ಇಳಿಯದಂತೆ ತಡೆಯುವ ಫುಟ್ ವಾಲ್ವು ಬೇಕು. ಅದನ್ನು ಎರಕ ಹೊಯ್ಯಲು ನಮ್ಮಲ್ಲಿ ಅನುಕೂಲವಿರಲಿಲ್ಲ. ಮೇಷ್ಟ್ರು ಬಜಾರಿನಿಂದ ಹಿತ್ತಾಳೆಯ ಒಂದು ಸಿದ್ಧ ವಾಲ್ವು ತಂದುಕೊಟ್ಟರು. ಹೊಸದು, ಹೊಳೆಯುತ್ತಿತ್ತು. ಅದನ್ನು ಹಾಗೆಯೇ ತಿರುಗಿಸಿ ಕೂಡಿಸಿದೆವು.

ಪಂಪನ್ನು ಮನೆಗೆ ಹೊತ್ತು ತಂದವರು ನಾಲ್ಕು ಜನ ಸಹಪಾಠಿಗಳು. ಅವರಲ್ಲಿ ಮೋಕದವನೂ ಇದ್ದ. ಅವನ ಮನೆಯವರು ತೊಗಲಿನ ಕೆಲಸ ಮಾಡುವವರು. ಎತ್ತು ಹೂಡಿ ಬಾವಿಯ ನೀರೆತ್ತುವ ಕಪಲಿಯ ತೊಗಲು ಬಾನಿ ಹೊಲಿಯುವುದರಲ್ಲಿ ಅವನ ತಂದೆಗೆ ಸುತ್ತಲಿನ ಹಳ್ಳಿಗಳಲ್ಲಿ ಹೆಸರಿತ್ತು. ಕೊಳವೆಯ ಹಿಂದಿನ ತುದಿ ಅವನ ಹೆಗಲ ಮೇಲಿತ್ತು. ಹಿತ್ತಲ ಬಾಗಿಲ ಹತ್ತಿರ ಬಂದಾಗ ಅವನು ತನ್ನ ತುದಿಯನ್ನು ಇನ್ನೊಬ್ಬನ ಹೆಗಲಿಗೆ ಕೊಟ್ಟು ಅಲ್ಲೇ ನಿಂತ. ನಿಲ್ಲು ಎಂದು ಯಾರೂ ಹೇಳಲಿಲ್ಲ. ಬಾ ಎಂದೂ ಯಾರೂ ಅನ್ನಲಿಲ್ಲ. ಕೂಡಿಸುವ ಕೆಲಸ ಮುಗಿಯುವವರೆಗೂ ಅವನು ಅಲ್ಲಿಂದಲೇ, ಕೊಳವೆ ಎಡಕ್ಕೆ ವಾಲಿದೆ, ಬಲಕ್ಕೆ ವಾಲಿದೆ ಎಂದು ಹೇಳುತ್ತಿದ್ದ. ಅವನ ಕಣ್ಣಳತೆ ನಂಬಿ ನಾವು ನೆಟ್ಟಗೆ ಮಾಡಿದೆವು.

ನೀರು ಬಂತು. ಮೊದಲು ಕೆಮ್ಮಿದಂಥ ಸದ್ದು, ಆಮೇಲೆ ಕಂದು ನೀರು, ಆಮೇಲೆ ತಿಳಿ. ದೊಡ್ಡವ್ವ ಮಿಂದು ಬಂದು, ಒದ್ದೆ ಸೀರೆಯಲ್ಲೇ ಎಡಗೈಯನ್ನು ಹಿಡಿಯ ಮೇಲಿಟ್ಟು, ಬಲಗೈಯನ್ನು ಅದರ ಮೇಲಿಟ್ಟು ಒತ್ತಿದಳು. ಕೊಡ ತುಂಬಿತು. ಅವಳು ನಗಲಿಲ್ಲ, ಹಿಡಿಯನ್ನು ಬಿಟ್ಟು ಕೊಳವೆಗೆ ಕಿವಿ ಹಚ್ಚಿದಳು. ನೀರನ್ನು ಮೇಲಕ್ಕೆ ಎಳೆಯುವವರು ಯಾರು ಎಂದು ಕೇಳಿದಳು. ಯಾರೂ ಎಳೆಯುವುದಿಲ್ಲ, ಪಂಪು ಕೊಳವೆಯೊಳಗಿನ ಗಾಳಿಯನ್ನು ತೆಗೆಯುತ್ತದೆ, ಆಗ ಬಾವಿಯ ಮೇಲಿನ ಗಾಳಿ ನೀರನ್ನು ಕೆಳಗೆ ಒತ್ತುತ್ತದೆ, ನೀರು ಜಾಗ ಸಿಕ್ಕ ಕಡೆ ಏರುತ್ತದೆ ಎಂದೆ. "ಗಾಳಿಗೆ ಭಾರ ಐತೇನು?" ಎಂದಳು. ಇದೆ ಎಂದೆ. "ನನ್ನ ತಲಿ ಮ್ಯಾಲೂ ಐತೇನು?" "ಐತಿ." "ನನಗ ಗೊತ್ತಾಗಂಗಿಲ್ಲಲ್ಲ." ಬಸವ ನಡುವೆ ಬಾಯಿ ಹಾಕಿ, "ನೀ ಸಣ್ಣಾಕಿದ್ದಾಗಿಂದ ಹೊತ್ತೀದಿ, ರೂಢಿ ಆಗೇತಿ," ಎಂದ. ಅವಳು ಅದನ್ನು ತಮಾಷೆಯೆಂದು ತೆಗೆದುಕೊಳ್ಳದೆ ತಲೆಯಾಡಿಸಿದಳು. ಆ ವರ್ಷ ಮನೆ ತೆರವು ಮಾಡುವ ಮಾತು ನಿಂತಿತು. ಅಪ್ಪ ಬಂದಾಗಲೊಮ್ಮೆ ತಾನೂ ಒಂದೆರಡು ಸಲ ಹಿಡಿ ಒತ್ತಿ ನೋಡಿ ಹೋಗುತ್ತಿದ್ದ.

ಸಂಕ್ರಾಂತಿ ಕಳೆದ ಮೇಲೆ ಪಂಪು ಬೆಳಿಗ್ಗೆ ಹಿಡಿತ ಬಿಡತೊಡಗಿತು. ರಾತ್ರಿ ಕೊಳವೆಯಲ್ಲಿ ನಿಂತ ನೀರು ಇಳಿದುಹೋಗಿರುತ್ತಿತ್ತು. ಮೇಲಿಂದ ಒಂದು ತಂಬಿಗೆ ಹುಯ್ದು ಎಬ್ಬಿಸಬೇಕಾಗುತ್ತಿತ್ತು. ಒಂದು ಭಾನುವಾರ ನಾನು, ಬಸವ ಕೊಳವೆಯನ್ನು ಮೇಲೆತ್ತಿ ಹಿತ್ತಲ ಬಂಡೆಯ ಮೇಲೆ ಮಲಗಿಸಿ ಫುಟ್ ವಾಲ್ವನ್ನು ಬಿಚ್ಚಿದೆವು. ದೊಡ್ಡವ್ವ ಪಕ್ಕದಲ್ಲಿ ಜೋಳ ಕೇರುತ್ತ ಕೂತಿದ್ದಳು. ಮುಚ್ಚಳ ತೆರೆದಾಗ ಕಪ್ಪಗೆ ಉಬ್ಬಿದ, ಒಂದು ಅಂಚು ಕೊಳೆತ ಬಿಲ್ಲೆಯೊಂದು ಕಂಡಿತು. ಅದೇನೆಂದು ನಮಗೆ ಹೊಳೆಯುವ ಮೊದಲೇ ವಾಸನೆ ಅವಳಿಗೆ ತಲುಪಿತ್ತು. ಮೊರ ಕೆಳಗಿಟ್ಟು, "ತೊಗಲು ಅದು," ಎಂದಳು. ವಾಲ್ವು ನಾವು ಮಾಡದೆ, ಬಜಾರಿನಿಂದ ಸಿದ್ಧವಾಗಿ ತಂದ ಭಾಗ. ಅದರೊಳಗೆ ಏನಿದೆ ಎಂದು ನಾನಾಗಲಿ ಮೇಷ್ಟ್ರಾಗಲಿ ತೆರೆದು ನೋಡಿರಲಿಲ್ಲ. "ಎಂದಿನಿಂದ ಐತಿ?" ಎಂದು ಕೇಳಿದಳು. ಮೊದಲಿನಿಂದ ಎಂದೆ. ಅವಳು ಎದ್ದು ಒಳಗೆ ಹೋದಳು. ಕೊಡಗಳನ್ನೆಲ್ಲ ಬೋರಲು ಹಾಕಿದ ಸದ್ದು ಕೇಳಿತು. ಆ ದಿನ ನಮಗೆ ಬಡಿಸಿ ತಾನು ಉಣ್ಣಲಿಲ್ಲ. ನೀರನ್ನೂ ಕುಡಿಯಲಿಲ್ಲ.

ಮರುದಿನ ಬೆಳಿಗ್ಗೆ ಜೋಳದ ಚೀಲದೊಂದಿಗೆ ಅಪ್ಪ ಬಂದ. ನಾನು ಕರೆದಿದ್ದರಿಂದ ನಾಯ್ಡು ಮೇಷ್ಟ್ರೂ ಬಂದರು. ಸಂಗತಿ ಕೇಳಿ ಅಪ್ಪ, "ಆತು ಬಿಡು ಅತ್ತಿಗಿ. ಇದು ಆಗೂ ಮಾತಲ್ಲ. ಸಾಮಾನು ಕಟ್ಟು, ಸಂಜಿ ಬಸ್ಸಿಗೆ ಹೋಗೂನು," ಎಂದ. ಮೇಷ್ಟ್ರು ಹಿತ್ತಲ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತು, "ಅಮ್ಮಾ, ಅದನ್ನ ನಾನು ಬಿಚ್ಚಿ ನೋಡಬೇಕಾಗಿತ್ತು," ಎಂದರು. ದೊಡ್ಡವ್ವ ಒಳಗಿನಿಂದ ಒಂದು ಒಗೆದ ಬಿಳಿ ಪಂಚೆ ತಂದು ಬಂಡೆಯ ಮೇಲೆ ಹಾಸಿದಳು. "ಪೂರಾ ಬಿಚ್ಚು," ಎಂದಳು ನನಗೆ. "ಒಂದೂ ಉಳಿಸಬ್ಯಾಡ. ಇದರ ಮ್ಯಾಲ ಇಡು."

ಬಿಚ್ಚಿದೆ. ಹಿಡಿ, ಸರಳು, ಪಿಸ್ಟನ್, ಹುರಿ, ರಬ್ಬರು, ನಟ್ಟು, ಬೋಲ್ಟು, ಕೊಳವೆಯ ಕೂಡುಗಳ ನಡುವಿನ ಕೆಂಪು ಬಿಲ್ಲೆ. ಅವಳು ಒಂದೊಂದನ್ನೇ ಎತ್ತಿ ಹಿಡಿದು ಕೇಳಿದಳು: ಇದು ಯಾವುದು, ಯಾವುದರಿಂದ ಆದದ್ದು, ಇದು ಇಲ್ಲದಿದ್ದರೆ ಏನಾಗುತ್ತದೆ. ಕೆಂಪು ಬಿಲ್ಲೆಯ ಹತ್ತಿರ ನಾನು ತಡವರಿಸಿದೆ. ಅದೂ ಕೊಂಡು ತಂದದ್ದೇ. ಆಗ ಮೇಷ್ಟ್ರು, "ಸುಟ್ಟು ನೋಡ್ರಿ ಅಮ್ಮಾ. ತೊಗಲಾದ್ರ ಕೂದಲು ಸುಟ್ಟಂಗ ನಾರತೈತಿ. ಮುಚ್ಚಿಡಾಕ ಬರಂಗಿಲ್ಲ," ಎಂದರು. ದೊಡ್ಡವ್ವ ಒಲೆಯಿಂದ ಕೆಂಡವನ್ನು ತಂದಳು. ಮೆತ್ತಗಿದ್ದ ಪ್ರತಿಯೊಂದು ಭಾಗದಿಂದ ಉಗುರಿನಷ್ಟು ಕತ್ತರಿಸಿ ಕೆಂಡದ ಮೇಲಿಟ್ಟೆವು. ಮೊದಲು ಆ ಕಪ್ಪು ಬಿಲ್ಲೆಯ ಚೂರು, ನಾತ ಗುರುತು ಸಿಗಲೆಂದು. ಆಮೇಲೆ ಹುರಿ: ಬತ್ತಿ ಆರಿದ ವಾಸನೆ. ರಬ್ಬರು: ಕರಿ ಹೊಗೆ, ಕಣ್ಣುರಿ. ಕೆಂಪು ಬಿಲ್ಲೆಯ ಚೂರು ಸುಟ್ಟಾಗ ಎಲ್ಲರೂ ಬಗ್ಗಿದೆವು. "ಕಾಗದ ಸುಟ್ಟಂಗ ಐತಿ," ಎಂದ ಅಪ್ಪ. ಅಷ್ಟು ಹೊತ್ತಿಗೆ ಅವನೂ ಕುಕ್ಕರಗಾಲಲ್ಲಿ ಕೂತು ಕೆಂಡ ಊದುತ್ತಿದ್ದ. ದೊಡ್ಡವ್ವ ಹೌದೆಂದು, ಅದನ್ನು ಪಂಚೆಯ ಮೇಲೆ ಒಳ್ಳೆಯದರ ಸಾಲಿಗೆ ಇಟ್ಟಳು.

ಮೇಷ್ಟ್ರು ವಾಲ್ವನ್ನು ಜೇಬಿಗೆ ಹಾಕಿಕೊಂಡು, ರಬ್ಬರಿನ ಬಿಲ್ಲೆ ಕೂಡಿಸಿ ನಾಳೆ ಕಳಿಸುವುದಾಗಿ ಹೇಳಿ ಹೋದರು. ಅಪ್ಪ ಮತ್ತೆ ಬಸ್ಸಿನ ಮಾತೆತ್ತಿದ. ಅಷ್ಟು ದಿನ ಆ ನೀರಿನಲ್ಲೇ ಪೂಜೆಯಾಗಿತ್ತಲ್ಲ, ಇನ್ನೂ ಯಾಕೆ ಈ ಹಟ ಎಂದ. ಬಿಡಿಭಾಗಗಳನ್ನು ಒರೆಸುತ್ತಲೇ ದೊಡ್ಡವ್ವ ಹೇಳಿದಳು: "ತಿಳೀಲಾರದ ಆತು, ಅದಕ್ಕ ನಾ ನನ್ನ ದೇವರ ಮುಂದ ಕುಂದ್ರತೀನಿ. ಅದು ನಂದು. ಆದ್ರ ಶರಣಪ್ಪ, ಊರಾಗ ನಂದೊಂದು ಒಲಿ ಐತೇನು?" ಅಪ್ಪ ಮೊಳಕಾಲಿನ ಬೂದಿ ಕೊಡವಿ ಎದ್ದ. ಅವಳು ಅದನ್ನು ಎರಡನೆಯ ಸಲ ಕೇಳಲಿಲ್ಲ. ಸಂಜೆಯ ಬಸ್ಸಿಗೆ ಅವನೊಬ್ಬನೇ ಹೋದ. ವಾಲ್ವು ಬರುವವರೆಗೆ ದೊಡ್ಡವ್ವ ಎಮ್ಮೆಯವಳು ತಂದ ಹಾಲನ್ನು ಕುಡಿದು ಇದ್ದಳು. ಬಂದ ಮೇಲೆ, ಕೂಡಿಸುವ ಮುನ್ನ, ಅದನ್ನು ತೆರೆದು ತೋರಿಸು ಎಂದಳು. ಆಮೇಲೆ ಸೋಮವಾರಗಳಲ್ಲಿ ಒಪ್ಪತ್ತು ಇರತೊಡಗಿದಳು. ಎಷ್ಟು ಕಾಲ ಇದ್ದಳೋ ನನಗೆ ತಿಳಿಯದು.

ಮಾರ್ಚಿನಲ್ಲಿ ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದೆ. ಅಣೆಕಟ್ಟಿನ ಕೆಲಸ ಅಷ್ಟರಲ್ಲಿ ಮುಗಿಯುತ್ತ ಬಂದಿತ್ತು. ನಾನು ಗುಂತಕಲ್ಲಿನಲ್ಲಿ ಬೇರೆ ಕೆಲಸಕ್ಕೆ ಸೇರಿದೆ. ೧೯೫೩ರ ಅಕ್ಟೋಬರ್ ಒಂದರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ನಾಯ್ಡು ಮೇಷ್ಟ್ರು ಅನಂತಪುರದ ಕಡೆ ವರ್ಗವಾಗಿ ಹೋದರೆಂದು ಬಸವ ಬರೆದಿದ್ದ. ಬಸವನ ಓದು ಮುಗಿದ ವರ್ಷ ಅಪ್ಪ ದೊಡ್ಡವ್ವನನ್ನು ಕರೆತರಲು ಗಾಡಿ ಹೂಡಿಕೊಂಡು ಬಂದಾಗ, ಮನೆಯಲ್ಲಿ ಬಾದನಹಟ್ಟಿಯ ಇಬ್ಬರು ಹುಡುಗರು ಊಟಕ್ಕೆ ಕೂತಿದ್ದರು. ಅವರ ತಂದೆಯೊಡನೆ ದೊಡ್ಡವ್ವ ತಾನೇ ಮಾತಾಡಿ ಮುಗಿಸಿದ್ದಳು. ಗಾಡಿ ಖಾಲಿ ಹಿಂತಿರುಗಿತು. ಅವರ ನಂತರ ಬೇರೆ ಊರಿನ ಹುಡುಗರು ಬಂದರು. ನಾನು ರಜೆಯಲ್ಲಿ ಹೋದಾಗಲೆಲ್ಲ ಚಾಪೆಗಳ ಮೇಲೆ ಹೊಸ ಮುಖಗಳಿರುತ್ತಿದ್ದವು.

ದೊಡ್ಡವ್ವ ತೀರಿಕೊಂಡದ್ದು ಅದೇ ಮನೆಯಲ್ಲಿ, ಬೇಸಿಗೆ ಶುರುವಾಗುವ ಹೊತ್ತಿನಲ್ಲಿ. ಆಗ ಅಲ್ಲಿ ಮೂವರು ಹುಡುಗರಿದ್ದರು. ಪರೀಕ್ಷೆ ಹತ್ತಿರವಿದ್ದುದರಿಂದ ಅವರು ಮನೆ ಬಿಡಲಿಲ್ಲ. ಅದೇ ಒಲೆಯ ಮೇಲೆ ತಾವೇ ಅನ್ನ ಬೇಯಿಸಿಕೊಂಡು, ಪರೀಕ್ಷೆ ಮುಗಿಸಿ, ಬೀಗದ ಕೈಯನ್ನು ಮಾಲೀಕರಿಗೆ ಒಪ್ಪಿಸಿ ತಮ್ಮ ತಮ್ಮ ಊರಿಗೆ ಹೋದರು.